ಮಾರ್ಗದರ್ಶಕ ಮತ್ತು ಸಂಶೋಧಕ: ಸಂಬಂಧ ಕೆಟ್ಟಾಗ ಅನುಸರಿಸತಕ್ಕ ಕ್ರಮ

ಪುರಾಣಗಳಲ್ಲಿ ಯಾಜ್ಞವಲ್ಕ್ಯರ ವೃತ್ತಾಂತವೊಂದು ಬರುತ್ತದೆ. ಗುರುಗಳಾದ ವೈಶಂಪಾಯನರಿಗೂ ಅವರಿಗೂ ಮನಸ್ತಾಪ ಹುಟ್ಟಿತು. ಗುರುಗಳು ಕೋಪಗೊಂಡು, ತಮ್ಮಿಂದ ಕಲಿತುದನ್ನೆಲ್ಲ ಇಲ್ಲಿಯೇ ಬಿಟ್ಟು ಹೋಗೆಂದು ಆಜ್ಞಾಪಿಸಿದರು. ಶಿಷ್ಯರು ಕಲಿತ ಯಜುಸ್ಸುಗಳನ್ನು ಕಾರಿ ಹೊರಟರು. ಉಳಿದ ಶಿಷ್ಯರು ತಿತ್ತಿರಿ ಪಕ್ಷಿಗಳ ರೂಪದಿಂದ ಅವನ್ನು ಹೆಕ್ಕಿಕೊಂಡರು. ತೈತ್ತಿರೀಯ ಶಾಖೆಗೆ ಆ ಹೆಸರು ಬಂದುದು ಹಾಗೆ. ಯಾಜ್ಞವಲ್ಕ್ಯರಾದರೋ ಸೂರ್ಯನನ್ನು ಉಪಾಸಿಸಿ ಬೇರೆ ಯಜುಸ್ಸುಗಳನ್ನು ಪಡೆದರು.

ಈ ವೃತ್ತಾಂತದಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಗುರುಶಿಷ್ಯ ಸಂಬಂಧವನ್ನು ಅತ್ಯಂತ ಪವಿತ್ರವೆಂದು ಭಾವಿಸಿದ್ದ ಸಮಾಜಕ್ಕೂ ಅದು ಮುರಿಯಬಹುದೆಂಬುದು ಗೊತ್ತಿದ್ದಿತು; ಹಾಗೆ ಮುರಿದಾಗ, ಕಲಿತ ವಿದ್ಯೆ ಯಾರದೆಂಬ ಪ್ರಶ್ನೆಯೇ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆಂಬುದೂ ಗೊತ್ತಿದ್ದಿತು. ಅದೇ ತೈತ್ತಿರೀಯ ಶಾಖೆಯ ಉಪನಿಷತ್ತಿನಲ್ಲಿ ಬರುವ ಶಾಂತಿಮಂತ್ರದಲ್ಲಿ ಗುರುವೂ ಶಿಷ್ಯನೂ ಒಂದಾಗಿ, ತಮ್ಮಿಬ್ಬರ ನಡುವೆ ದ್ವೇಷವುಂಟಾಗದಿರಲೆಂದು ಪ್ರಾರ್ಥಿಸುತ್ತಾರೆ. ಸಂಭವವೇ ಇಲ್ಲದ ಅನಿಷ್ಟವನ್ನು ಕುರಿತು ಯಾರೂ ಪ್ರಾರ್ಥಿಸುವುದಿಲ್ಲವಷ್ಟೆ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ಪದವಿಗಾಗಿ ದುಡಿಯುವ ಸಂಶೋಧಕರಿಗೂ ಅವರ ಮಾರ್ಗದರ್ಶಕರಿಗೂ ನಡುವೆ ಇಂತಹ ಒಡಕುಗಳು ಆಗಾಗ ತಲೆದೋರುತ್ತವೆ. ಅವುಗಳ ಮಾತು ಮೊಗಸಾಲೆಯಲ್ಲಿ ನಡೆಯುವುದೇ ಹೊರತು ಕಾಗದದ ಮೇಲೆ ಬರುವುದು ವಿರಳ. ಪರಿಣಾಮವಾಗಿ, ಈ ತೊಂದರೆಗೆ ಸಿಕ್ಕಿದ ಪ್ರತಿಯೊಬ್ಬರೂ ಲೋಕದಲ್ಲಿ ತಮಗೊಬ್ಬರಿಗೇ ಇದು ಒದಗಿತೆಂದು ಭಾವಿಸಿ ಕುಗ್ಗುತ್ತಾರೆ. ಈ ವಿಷಯವನ್ನು ತಾಳ್ಮೆಯಿಂದ ಬಿಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ, ಇಂತಹ ಒಡಕುಗಳಲ್ಲಿ ಬಹುಪಾಲು ದುಷ್ಟತನದಿಂದ ಹುಟ್ಟುವುದಿಲ್ಲ. ಕಾಲ, ಅಧಿಕಾರ, ಕೀರ್ತಿ ಎಂಬ ಮೂರನ್ನು ಕುರಿತು ಆರಂಭದಲ್ಲಿ ಆಡಬೇಕಾದ ಮಾತನ್ನು ಆಡದೆ ಬಿಟ್ಟುದರಿಂದ ಹುಟ್ಟುತ್ತವೆ. ಮೂರನೆಯ ವ್ಯಕ್ತಿಯೊಬ್ಬರ ಸಮಕ್ಷಮವೂ ಬರೆವಣಿಗೆಯ ಆಧಾರವೂ ಸಕಾಲದಲ್ಲಿ ಒದಗಿದರೆ ಅವುಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ.

೧. ಸಂಬಂಧದ ಸ್ವರೂಪ

ಸಂಶೋಧನೆಯನ್ನು ಆಧಾರವಾಗುಳ್ಳ ಡಾಕ್ಟರೇಟ್ ಪದವಿ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ರೂಪುಗೊಂಡಿತು. ೧೮೧೦ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾನಿಲಯ ಈ ಪದ್ಧತಿಗೆ ಮಾದರಿಯಾಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯ ೧೮೬೧ರಲ್ಲಿ ಈ ಪದವಿಯನ್ನು ಕೊಡಲಾರಂಭಿಸಿತು; ಇಂಗ್ಲೆಂಡಿನ ಆಕ್ಸ್‌ಫರ್ಡ್ ಅದನ್ನು ಸ್ವೀಕರಿಸಿದುದು ೧೯೧೭ರಲ್ಲಿ. ಜರ್ಮನ್ ಭಾಷೆಯಲ್ಲಿ ಮಾರ್ಗದರ್ಶಕನಿಗೆ 'ಡಾಕ್ಟರ್‌ಫಾಟರ್', ಎಂದರೆ ಡಾಕ್ಟರೇಟಿನ ತಂದೆ, ಎಂಬ ಹೆಸರು ರೂಢಿಯಲ್ಲಿದೆ. ನಮ್ಮಲ್ಲಿ ಆ ಸ್ಥಾನಕ್ಕೆ 'ಗುರುಗಳು' ಎಂಬ ಮಾತು ತಾನಾಗಿ ಬಂದು ಸೇರಿಕೊಂಡಿತು. ಎರಡು ಕಡೆಯೂ ಮನೆತನದ ಮಾತೇ. ಇದರಲ್ಲಿ ಹಿತವೂ ಉಂಟು, ಅಪಾಯವೂ ಉಂಟು. ತಂದೆಯೊಡನೆ ಯಾರೂ ಕರಾರುಪತ್ರ ಬರೆಸಿಕೊಳ್ಳುವುದಿಲ್ಲ. ಗುರುವನ್ನು ಯಾರೂ ಗಡುವು ಕೇಳುವುದಿಲ್ಲ. ಹೀಗಾಗಿ, ವ್ಯವಹಾರವಾಗಿ ಇತ್ಯರ್ಥವಾಗಬೇಕಾದ ಎಷ್ಟೋ ಸಂಗತಿಗಳು ಭಕ್ತಿಯ ಮರೆಯಲ್ಲಿ ಇತ್ಯರ್ಥವಾಗದೆಯೇ ಉಳಿದುಬಿಡುತ್ತವೆ.

ವಾಸ್ತವವಾಗಿ ಮಾರ್ಗದರ್ಶಕರು ಏಕಕಾಲದಲ್ಲಿ ಹಲವು ಪಾತ್ರಗಳನ್ನು ವಹಿಸುತ್ತಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೨ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರತಿಯೊಬ್ಬ ಸಂಶೋಧಕನಿಗೂ ಒಂದು ಸಂಶೋಧನ ಸಲಹಾ ಸಮಿತಿ ಇರತಕ್ಕದ್ದು. ಸಂಶೋಧಕನು ಪ್ರತಿ ಸೆಮಿಸ್ಟರಿನಲ್ಲಿಯೂ ಅದರ ಮುಂದೆ ತನ್ನ ಪ್ರಗತಿಯನ್ನು ನಿವೇದಿಸತಕ್ಕದ್ದು. ಆ ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ. ಪ್ರಗತಿ ತೃಪ್ತಿಕರವಲ್ಲವೆಂದು ಸಮಿತಿ ಕಾರಣಸಹಿತವಾಗಿ ದಾಖಲಿಸಿ ತಿದ್ದುಪಡಿಗಳನ್ನು ಸೂಚಿಸಬಹುದು. ಸಂಶೋಧಕನು ಅವನ್ನು ನೆರವೇರಿಸದಿದ್ದರೆ ನೋಂದಣಿಯ ರದ್ದತಿಗೂ ಶಿಫಾರಸು ಮಾಡಬಹುದು. ಕಡೆಗೆ ಮಹಾಪ್ರಬಂಧದ ಮೌಲ್ಯಮಾಪನದಲ್ಲಿ ಇಬ್ಬರಿಗೆ ಕಡಮೆಯಿಲ್ಲದ ಹೊರಗಿನ ಪರೀಕ್ಷಕರೊಡನೆ ಮಾರ್ಗದರ್ಶಕರೂ ಸೇರುತ್ತಾರೆ. ಪದವಿ ಬಂದ ಮೇಲೆ ಕೆಲಸಕ್ಕೆ ಬೇಕಾದ ಯೋಗ್ಯತಾಪತ್ರವನ್ನೂ ಅವರಿಂದಲೇ ಕೇಳಬೇಕು. ಬೋಧಕ, ಮೇಲ್ವಿಚಾರಕ, ಪರೀಕ್ಷಕ, ಶಿಫಾರಸುದಾರ ಎಂಬ ನಾಲ್ಕು ಅಧಿಕಾರಗಳು ಒಬ್ಬರಲ್ಲಿಯೇ ಸೇರಿರುವಾಗ, ಎದುರಿಗೆ ಕುಳಿತವನಿಗೆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಆಶ್ಚರ್ಯವಲ್ಲ. ಸಂಶೋಧಕನ ಮೌನವನ್ನು ಅವನ ಸಮ್ಮತಿಯೆಂದು ತಿಳಿಯುವುದು ಇಲ್ಲಿ ಮೊದಲನೆಯ ಪ್ರಮಾದ.

೨. ಒಂದು ದೃಷ್ಟಾಂತ

ಈ ಮಾತುಗಳನ್ನು ನಿದರ್ಶನಪೂರ್ವಕವಾಗಿ ವಿವರಿಸಲು ವಿಜ್ಞಾನದ ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿರುವ ಒಂದು ಪ್ರಕರಣವನ್ನು ಆರಿಸಿಕೊಂಡಿದ್ದೇವೆ. ಕ್ಷಯರೋಗದ ಮೇಲೆ ನಡೆಯಬಲ್ಲ ಮೊದಲನೆಯ ಪ್ರತಿಜೈವಿಕವಾದ ಸ್ಟ್ರೆಪ್ಟೊಮೈಸಿನ್ ದೊರೆತುದು ೧೯೪೩ರಲ್ಲಿ, ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರು ಮಣ್ಣಿನ ಸೂಕ್ಷ್ಮಜೀವಿಗಳನ್ನು ಬಹುಕಾಲದಿಂದ ಅಭ್ಯಸಿಸುತ್ತಿದ್ದ ಪ್ರಸಿದ್ಧ ಪ್ರಾಧ್ಯಾಪಕರು. ಮಣ್ಣಿನ ಜೀವಿಗಳಿಂದ ಔಷಧವನ್ನು ಕ್ರಮಬದ್ಧವಾಗಿ ಹುಡುಕುವ ವಿಧಾನವನ್ನು ರೂಪಿಸಿದವರು ಅವರೇ. ಆಲ್ಬರ್ಟ್ ಶಾಟ್ಸ್ ಅವರು ಅವರ ಕೈಕೆಳಗೆ ಡಾಕ್ಟರೇಟಿಗೆ ದುಡಿಯುತ್ತಿದ್ದ, ಇಪ್ಪತ್ತಮೂರು ವರ್ಷದ ತರುಣರು. ರೈತರ ಮನೆಯಿಂದ ಬಂದವರು. ಅವರಿಗೆ ದೊರೆಯುತ್ತಿದ್ದ ಮಾಸಿಕ ವೇತನ ೪೦ ಡಾಲರ್. ಕ್ಷಯದ ಕ್ರಿಮಿಗಳೊಡನೆ ಕೆಲಸ ಮಾಡಬೇಕಾದುದರಿಂದ ಅವರ ಪ್ರಯೋಗಶಾಲೆ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕೆಲವು ತಿಂಗಳ ದುಡಿಮೆಯಲ್ಲಿ ಅವರು ಔಷಧವನ್ನು ಕೊಡುವ ಜೀವಿಯ ಎರಡು ತಳಿಗಳನ್ನು ಬೇರ್ಪಡಿಸಿದರು. ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ, ಇನ್ನೊಂದು ಕೋಳಿಯ ಗಂಟಲಿನಿಂದ ತೆಗೆದ ಮಾದರಿಯಿಂದ.

೧೯೪೪ರ ಜನವರಿಯಲ್ಲಿ ಈ ಶೋಧವನ್ನು ಸಾರಿದ ಲೇಖನದಲ್ಲಿ ಮೊದಲನೆಯ ಹೆಸರು ಶಾಟ್ಸರದು, ಎರಡನೆಯದು ಸಹೋದ್ಯೋಗಿ ಎಲಿಜಬೆತ್ ಬ್ಯೂಗಿಯವರದು, ಕಡೆಯದು ವಾಕ್ಸ್‌ಮನ್ನರದು. ಶಾಟ್ಸರ ಮಹಾಪ್ರಬಂಧ ೧೯೪೫ರಲ್ಲಿ ಸಿದ್ಧವಾಯಿತು. ಪೇಟೆಂಟು ೧೯೪೮ರಲ್ಲಿ ಇಬ್ಬರ ಹೆಸರಿನಲ್ಲಿಯೂ ದೊರೆಯಿತು. ಇಬ್ಬರೂ ತಮ್ಮ ಹಕ್ಕನ್ನು ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದ್ದರು. ಅಲ್ಲಿಯವರೆಗೆ ಲಿಖಿತವಾದುದೆಲ್ಲ ನ್ಯಾಯವಾಗಿಯೇ ಇದ್ದಿತು. ಆದರೆ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಗೌರವಗಳಲ್ಲಿ ಶಿಷ್ಯನ ಹೆಸರು ಕ್ರಮೇಣ ಮಸುಕಾಯಿತು. ಅದಕ್ಕಿಂತ ಮುಖ್ಯವಾಗಿ, ಪೇಟೆಂಟಿನ ಆದಾಯದಲ್ಲಿ ನೂರಕ್ಕೆ ೨೦ರಷ್ಟು ಪ್ರತಿಷ್ಠಾನದಿಂದ ವಾಕ್ಸ್‌ಮನ್ನರಿಗೆ ಸಲ್ಲುತ್ತಿದ್ದಿತು. ಈ ಏರ್ಪಾಡು ಶಾಟ್ಸರಿಗೆ ತಿಳಿದಿರಲಿಲ್ಲ. ತಮ್ಮಂತೆ ಗುರುಗಳೂ ಲಾಭವನ್ನು ಬಿಟ್ಟುಕೊಟ್ಟಿದ್ದಾರೆಂದು ಅವರು ನಂಬಿದ್ದರು. ನಿಜಾಂಶ ತಿಳಿದ ಮೇಲೆ ಪತ್ರವ್ಯವಹಾರ ಕಹಿಯಾಯಿತು. ೧೯೫೦ರ ಮಾರ್ಚಿಯಲ್ಲಿ ಶಾಟ್ಸರು ನ್ಯಾಯಾಲಯಕ್ಕೆ ಹೋದರು.

ಅದೇ ವರ್ಷದ ಡಿಸೆಂಬರಿನಲ್ಲಿ ರಾಜಿಯಾಯಿತು. ಶಾಟ್ಸರು ಕಾನೂನಿನ ದೃಷ್ಟಿಯಿಂದಲೂ ವಿಜ್ಞಾನದ ದೃಷ್ಟಿಯಿಂದಲೂ ಸಹಶೋಧಕರೆಂದು ಒಪ್ಪಲಾಯಿತು. ಆದಾಯದಲ್ಲಿ ವಾಕ್ಸ್‌ಮನ್ನರ ಪಾಲು ನೂರಕ್ಕೆ ೧೦ಕ್ಕೆ ಇಳಿಯಿತು. ಶಾಟ್ಸರಿಗೆ ೩ರಷ್ಟು, ಪ್ರಯೋಗಶಾಲೆಯಲ್ಲಿ ದುಡಿದ ಉಳಿದವರಿಗೆಲ್ಲ ಸೇರಿ ೭ರಷ್ಟು ನಿಗದಿಯಾಯಿತು. ಹೀಗೆ ಶಾಟ್ಸರು ವ್ಯಾಜ್ಯವನ್ನು ಗೆದ್ದರು. ವೃತ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಗುರುವಿನ ಮೇಲೆ ದಾವೆ ಹೂಡಿದವನಿಗೆ ದೊಡ್ಡ ಪ್ರಯೋಗಶಾಲೆಗಳ ಬಾಗಿಲು ತೆರೆಯಲಿಲ್ಲ. ಪೆನ್ಸಿಲ್ವೇನಿಯದ ಸಣ್ಣ ಕೃಷಿ ಕಾಲೇಜೊಂದರಲ್ಲಿ ಅವರು ಕೆಲಸಕ್ಕೆ ಸೇರಬೇಕಾಯಿತು. ೧೯೫೨ರಲ್ಲಿ ನೊಬೆಲ್ ಪಾರಿತೋಷಕ ವಾಕ್ಸ್‌ಮನ್ನರೊಬ್ಬರಿಗೇ ಬಂದಿತು. ರಟ್‌ಗರ್ಸ್ ವಿಶ್ವವಿದ್ಯಾನಿಲಯ ತನ್ನ ಗೌರವಪದಕವನ್ನು ಶಾಟ್ಸರಿಗೆ ನೀಡಿದುದು ೧೯೯೪ರಲ್ಲಿ. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ.

ಇಲ್ಲಿ ಒಬ್ಬರನ್ನು ಖಳರನ್ನಾಗಿಯೂ ಇನ್ನೊಬ್ಬರನ್ನು ಹುತಾತ್ಮರನ್ನಾಗಿಯೂ ಚಿತ್ರಿಸುವುದು ಸುಲಭ. ಸತ್ಯ ಅಷ್ಟು ಸರಳವಲ್ಲ. ದಾರಿಯನ್ನು ಕಡಿದವರು ಗುರುಗಳು, ಆ ದಾರಿಯಲ್ಲಿ ನಡೆದು ನಿಧಿಯನ್ನು ಕಂಡವನು ಶಿಷ್ಯ. ವಿಧಾನವಿಲ್ಲದೆ ಶೋಧವಿಲ್ಲ, ನೆಲಮಾಳಿಗೆಯ ಆ ಹಗಲಿರುಳುಗಳಿಲ್ಲದೆಯೂ ಶೋಧವಿಲ್ಲ. ಎರಡರ ಬೆಲೆಯನ್ನೂ ಮೊದಲೇ ಎದುರುಬದುರು ಕುಳಿತು ನಿಶ್ಚಯಿಸಿಕೊಂಡಿದ್ದರೆ ನ್ಯಾಯಾಲಯದ ಪ್ರಸಕ್ತಿ ಬರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಗಮನಿಸಬೇಕಾದ ಮತ್ತೊಂದು ಅಂಶವುಂಟು. ಶಾಟ್ಸರ ಪಕ್ಷವನ್ನು ಎತ್ತಿ ಹಿಡಿದ ಆಧಾರಗಳು ಮೂರು: ದಿನಾಂಕಸಹಿತವಾದ ಪ್ರಯೋಗದ ಟಿಪ್ಪಣಿಪುಸ್ತಕ, ಲೇಖನದ ಕರ್ತೃಗಳ ಹೆಸರಿನ ಅನುಕ್ರಮ, ಪೇಟೆಂಟಿನ ಪತ್ರಗಳು. ಬಾಯಿಮಾತು ಒಂದೂ ಉಳಿಯಲಿಲ್ಲ; ಬರೆದುದಷ್ಟೇ ಉಳಿಯಿತು.

೩. ಒಡಕಿನ ಮೂರು ಮೂಲಗಳು

ನಮ್ಮ ವಿಭಾಗಗಳಲ್ಲಿ ಪೇಟೆಂಟಿನ ಹಣದ ಪ್ರಶ್ನೆ ಏಳುವುದು ಅಪೂರ್ವ. ಆದರೂ ಒಡಕಿನ ಮೂಲಗಳು ಬೇರೆಯಲ್ಲ.

ಮೊದಲನೆಯದು ಕಾಲ. ಮಾರ್ಗದರ್ಶಕನಿಗೂ ಸಂಶೋಧಕನಿಗೂ ಕಾಲ ಒಂದೇ ವೇಗದಲ್ಲಿ ಹರಿಯುವುದಿಲ್ಲ. ೨೦೨೨ರ ನಿಯಮಾವಳಿಯಂತೆ ಪದವಿಯ ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ವಿಸ್ತರಿಸಬಹುದು. ಮಹಿಳೆಯರಿಗೂ ನೂರಕ್ಕೆ ೪೦ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೂ ಮತ್ತೆರಡು ವರ್ಷಗಳ ಸಡಿಲಿಕೆಯುಂಟು. ಆಯೋಗದ ಕಿರಿಯ ಸಂಶೋಧನ ಶಿಷ್ಯವೇತನವಾದರೋ ಹಿರಿಯ ಶಿಷ್ಯವೇತನದ ಕಾಲವೂ ಸೇರಿ ಐದು ವರ್ಷಕ್ಕೆ ಮುಗಿಯುತ್ತದೆ. ಹೀಗಿರಲು, ಮಾರ್ಗದರ್ಶಕನ ಮೇಜಿನ ಮೇಲೆ ಒಂದು ಅಧ್ಯಾಯ ಆರು ತಿಂಗಳು ಮಲಗಿದರೆ ಅವನಿಗದು ಒಂದು ಸೆಮಿಸ್ಟರು. ಸಂಶೋಧಕನಿಗೆ ಶಿಷ್ಯವೇತನದ ಹತ್ತನೆಯ ಒಂದು ಭಾಗ.

ಈ ಸಂಬಂಧದಲ್ಲಿ ನಮ್ಮದೇ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಾರ್ಗದರ್ಶನದಲ್ಲಿದ್ದ ಸಂಶೋಧಕಿಯೊಬ್ಬರು ತಮ್ಮ ಎರಡನೆಯ ಅಧ್ಯಾಯವನ್ನು ಜೂನ್ ತಿಂಗಳಿನಲ್ಲಿ ನಮ್ಮ ಕೊಠಡಿಯಲ್ಲಿಟ್ಟು ಹೋದರು. ಅದರ ಮೇಲೆ ಉತ್ತರಪತ್ರಿಕೆಗಳ ಕಟ್ಟುಗಳು ಬಂದು ಕುಳಿತವು. ಮೊಗಸಾಲೆಯಲ್ಲಿ ಎದುರಾದಾಗಲೆಲ್ಲ 'ಕೆಲಸ ಹೇಗೆ ನಡೆದಿದೆಯಮ್ಮಾ?' ಎಂದು ನಾವು ಕೇಳುತ್ತಿದ್ದೆವು. 'ನಡೆದಿದೆ ಸರ್' ಎಂದು ಅವರು ಉತ್ತರ ಕೊಡುತ್ತಿದ್ದರು. ಜನವರಿಯ ಸಮಿತಿಯಲ್ಲಿ, ಎರಡನೆಯ ಅಧ್ಯಾಯ ಇನ್ನೂ ನಮ್ಮ ಕೈಸೇರಿಲ್ಲವೆಂದು ನಾವು ತುಸು ಖಾರವಾಗಿಯೇ ನುಡಿದೆವು. ಅವರು ತಲೆ ತಗ್ಗಿಸಿ, 'ಜೂನಿನಲ್ಲಿಯೇ ಕೊಟ್ಟಿದ್ದೇನೆ ಸರ್' ಎಂದರು. ಕೊಟ್ಟುದಕ್ಕೆ ಆಧಾರವೇನೆಂದು ಸದಸ್ಯರೊಬ್ಬರು ಕೇಳಿದರು; ಆಧಾರ ಯಾವುದೂ ಇರಲಿಲ್ಲ. ಆ ಸಂಜೆ ಕಟ್ಟುಗಳನ್ನು ಸರಿಸಿ ನೋಡಿದಾಗ ಅಧ್ಯಾಯ ಅಲ್ಲಿಯೇ ಇದ್ದಿತು. ಮರುದಿನ ಅವರಲ್ಲಿಯೂ ಸಮಿತಿಯಲ್ಲಿಯೂ ಕ್ಷಮೆ ಕೇಳಿ ನಡವಳಿಯನ್ನು ತಿದ್ದಿಸಿದೆವು. ಅವರು ಪದವಿಯನ್ನು ಪಡೆದರು. ಆದರೆ ಆ ಏಳು ತಿಂಗಳನ್ನು ನಾವು ಅವರಿಗೆ ಹಿಂದಿರುಗಿಸಲಾಗಲಿಲ್ಲ. 'ನೆನಪಿಸಲು ಏಕೆ ಬರಲಿಲ್ಲ?' ಎಂದು ಕೇಳಿದುದಕ್ಕೆ, 'ತಮಗೆ ಅದು ಹಿಡಿಸಲಿಲ್ಲವೆಂದು ತಿಳಿದೆ' ಎಂದು ಅವರು ಕೊಟ್ಟ ಉತ್ತರವನ್ನೂ ಮರೆಯಲಾಗಿಲ್ಲ. ಏಳು ತಿಂಗಳು ಅವರು ಆ ಭಾವನೆಯಲ್ಲಿ ಕಳೆದಿದ್ದರು.

ಎರಡನೆಯದು ಅಧಿಕಾರ. ವಿಷಯದ ಆಯ್ಕೆ, ವಿಧಾನ, ನಿರ್ಣಯ ಇವುಗಳಲ್ಲಿ ಕಡೆಯ ಮಾತು ಯಾರದು? ಆರಂಭದಲ್ಲಿ ಸಂಶೋಧಕನಿಗೆ ಆಸರೆ ಬೇಕು. ಮೂರನೆಯ ವರ್ಷದಲ್ಲಿ ಅದೇ ಆಸರೆ ಅಡ್ಡಿಯಾಗಿ ತೋರಬಹುದು. ಮಹಾಪ್ರಬಂಧದ ನಿರ್ಣಯ ಮಾರ್ಗದರ್ಶಕರು ಹಿಂದೆ ಪ್ರಕಟಿಸಿದ ಅಭಿಪ್ರಾಯಕ್ಕೆ ವಿರುದ್ಧವಾದಾಗ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ಕವಿಯ ಕಾಲವನ್ನೋ ಶಾಸನದ ಪಾಠವನ್ನೋ ಕುರಿತ ಭಿನ್ನಾಭಿಪ್ರಾಯ ವೈಯಕ್ತಿಕ ಅವಿಧೇಯತೆಯಾಗಿ ಕಾಣಲು ಹೆಚ್ಚು ಹೊತ್ತು ಬೇಕಿಲ್ಲ. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ಮಾತನ್ನು ನಾವೆಲ್ಲರೂ ವೇದಿಕೆಯ ಮೇಲೆ ಹೇಳುತ್ತೇವೆ. ಕೊಠಡಿಯಲ್ಲಿ ಅದು ಕಷ್ಟವಾಗುತ್ತದೆ.

ಮೂರನೆಯದು ಕೀರ್ತಿ. ಲೇಖನದಲ್ಲಿ ಯಾರ ಹೆಸರು ಮೊದಲು, ಯಾರ ಹೆಸರು ಇರಲೇಬೇಕು, ಯಾರದು ಇರಕೂಡದು ಎಂಬುದನ್ನು ಲೇಖನ ಸಿದ್ಧವಾದ ಮೇಲೆ ಮಾತಾಡುವುದು ವಾಡಿಕೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಇದಕ್ಕೆ ನಾಲ್ಕು ಲಕ್ಷಣಗಳನ್ನು ಗೊತ್ತುಪಡಿಸಿದೆ: ಕೆಲಸದ ಕಲ್ಪನೆ, ಸಾಮಗ್ರಿಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯವಾದ ಪಾಲು; ಬರೆವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ಪರಿಷ್ಕರಣದಲ್ಲಿ ಪಾಲು; ಅಂತಿಮ ರೂಪಕ್ಕೆ ಒಪ್ಪಿಗೆ; ಇಡೀ ಕೆಲಸದ ಹೊಣೆಗಾರಿಕೆ. ಈ ನಾಲ್ಕೂ ಇದ್ದವರು ಕರ್ತೃಗಳು. ಉಳಿದವರಿಗೆ ಸಲ್ಲತಕ್ಕದ್ದು ಕೃತಜ್ಞತೆ. ಬೇರೆ ಶಾಸ್ತ್ರಗಳಲ್ಲಿ ರೂಢಿ ಸ್ವಲ್ಪ ಬೇರೆಯಾಗಿರಬಹುದು. ಆದರೂ ಪದವಿಯ ದೆಸೆಯಿಂದಲೇ ಹೆಸರು ಸೇರುವುದೂ, ಪದವಿಯಿಲ್ಲವೆಂದೇ ಹೆಸರು ಬಿಡುವುದೂ ಎಲ್ಲಿಯೂ ನ್ಯಾಯವಲ್ಲ.

೪. ಮೊದಲು ನಿದಾನ, ಆಮೇಲೆ ಚಿಕಿತ್ಸೆ

ಸಂಬಂಧ ಕೆಟ್ಟಿತೆಂದು ತೋರಿದಾಗ ಸಂಶೋಧಕನು ಮಾಡತಕ್ಕ ಪ್ರಥಮ ಕಾರ್ಯವೆಂದರೆ ಕೆಟ್ಟುದು ಏನೆಂಬುದನ್ನು ನಿಶ್ಚಯಿಸಿಕೊಳ್ಳುವುದು. ವೈದ್ಯನು ನಿದಾನಕ್ಕೆ ಮುನ್ನ ಔಷಧ ಕೊಡುವುದಿಲ್ಲ. ಸ್ಥೂಲವಾಗಿ ಈ ತೊಂದರೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಕೆಲವು ಭಿನ್ನಾಭಿಪ್ರಾಯಗಳು. ಕಠಿಣವಾದ ವಿಮರ್ಶೆ, ಪದೇ ಪದೇ ತಿದ್ದಿಸುವಿಕೆ, ವಿಧಾನದ ಬಗೆಗೆ ವಾದ ಇವು ನೋವನ್ನುಂಟುಮಾಡಿದರೂ ಸಂಶೋಧನೆಯ ಅಂಗಗಳೇ. ಇವುಗಳಿಗೆ ಔಷಧ ವಾದವೇ, ದೂರಲ್ಲ. ಕೆಲವು ಉಪೇಕ್ಷೆಗಳು. ಕರಡನ್ನು ಓದದಿರುವುದು, ಭೇಟಿಯನ್ನು ಮುಂದೂಡುವುದು, ಪತ್ರಕ್ಕೆ ಉತ್ತರಿಸದಿರುವುದು, ವರ್ಗಾವಣೆ ಅಥವಾ ನಿವೃತ್ತಿಯ ಬಳಿಕ ಸಂಪರ್ಕ ತಪ್ಪುವುದು ಇವೆಲ್ಲ ಈ ವರ್ಗಕ್ಕೆ ಸೇರಿದವು. ಇವುಗಳಿಗೆ ವ್ಯವಸ್ಥೆಯೇ ಔಷಧ. ಇನ್ನು ಕೆಲವು ಅನ್ಯಾಯಗಳು. ಸಂಶೋಧಕನ ಬರೆವಣಿಗೆಯನ್ನು ತನ್ನದೆಂದು ಪ್ರಕಟಿಸುವುದು, ಮನೆಗೆಲಸಕ್ಕೆ ಬಳಸುವುದು, ಸಹಿಗಾಗಿ ಹಣವನ್ನೋ ಸೇವೆಯನ್ನೋ ಕೇಳುವುದು, ಜಾತಿಯನ್ನು ಹಿಡಿದು ಅವಮಾನಿಸುವುದು, ಲೈಂಗಿಕ ಕಿರುಕುಳ. ಇವುಗಳನ್ನು ಭಿನ್ನಾಭಿಪ್ರಾಯವೆಂದು ಕರೆದು ಸಹಿಸಿಕೊಳ್ಳಬೇಕೆಂದು ಉಪದೇಶಿಸುವುದು ನಮ್ಮ ದೃಷ್ಟಿಯಲ್ಲಿ ಅಪರಾಧಕ್ಕೆ ಸಹಕರಿಸಿದಂತೆ. ಭಿನ್ನಾಭಿಪ್ರಾಯವನ್ನು ಅನ್ಯಾಯವೆಂದು ತಿಳಿದವನು ಒಳ್ಳೆಯ ಗುರುವನ್ನು ಕಳೆದುಕೊಳ್ಳುತ್ತಾನೆ. ಅನ್ಯಾಯವನ್ನು ಭಿನ್ನಾಭಿಪ್ರಾಯವೆಂದು ತಿಳಿದವನು ತನ್ನನ್ನೇ ಕಳೆದುಕೊಳ್ಳುತ್ತಾನೆ.

೫. ಅನುಸರಿಸತಕ್ಕ ಕ್ರಮ

ಭಿನ್ನಾಭಿಪ್ರಾಯ, ಉಪೇಕ್ಷೆಗಳ ವಿಷಯದಲ್ಲಿ ಮೊದಲನೆಯ ಮೆಟ್ಟಿಲು ಮಾರ್ಗದರ್ಶಕರೊಡನೆ ನೇರವಾದ ಮಾತು. ಅದಕ್ಕೆಂದೇ ಸಮಯವನ್ನು ಕೇಳಿಕೊಂಡು, ಹೇಳಬೇಕಾದುದನ್ನು ಎರಡು ಮೂರು ವಾಕ್ಯಗಳಲ್ಲಿ ಮೊದಲೇ ಬರೆದುಕೊಂಡು ಹೋಗುವುದು ಒಳ್ಳೆಯದು. 'ತಾವು ನನ್ನನ್ನು ಅಲಕ್ಷಿಸುತ್ತಿದ್ದೀರಿ' ಎಂಬ ಮಾತು ವ್ಯಕ್ತಿಗೆ ತಗಲುತ್ತದೆ. 'ಮೂರನೆಯ ಅಧ್ಯಾಯವನ್ನು ಮಾರ್ಚಿಯಲ್ಲಿ ಸಲ್ಲಿಸಿದ್ದೇನೆ, ಯಾವ ದಿನ ಬರಲಿ?' ಎಂಬ ಮಾತು ಕೆಲಸಕ್ಕೆ ತಗಲುತ್ತದೆ. ಭೇಟಿಯ ಬಳಿಕ ಅದೇ ದಿನ, ತೀರ್ಮಾನವಾದುದನ್ನು ವಿನಯದಿಂದ ಸಂಗ್ರಹಿಸಿ ಇ-ಮೇಲ್ ಕಳುಹಿಸತಕ್ಕದ್ದು. ಇದರಲ್ಲಿ ಅವಿಶ್ವಾಸವೇನೂ ಇಲ್ಲ. ಇಬ್ಬರ ನೆನಪಿಗೂ ಅದು ಸಹಾಯಕ. ಮುಂದೊಂದು ದಿನ ಬೇಕಾದರೆ ಅದೇ ದಾಖಲೆ. ನಮ್ಮ ಸಂಶೋಧಕಿಯ ಕೈಯಲ್ಲಿ ಅಂತಹ ಒಂದು ಸಾಲು ಇದ್ದಿದ್ದರೆ ಜನವರಿಯ ಆ ಸಭೆ ಬೇರೆ ರೀತಿ ನಡೆಯುತ್ತಿದ್ದಿತು.

ಎರಡನೆಯ ಮೆಟ್ಟಿಲು ಸಂಶೋಧನ ಸಲಹಾ ಸಮಿತಿ. ಪ್ರತಿ ಸೆಮಿಸ್ಟರಿನ ಪ್ರಗತಿವರದಿಯನ್ನು ಬಹುಮಂದಿ ಔಪಚಾರಿಕವೆಂದು ಬಗೆದು ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ಇದು ತಪ್ಪು. ಸಲ್ಲಿಸಿದ ಅಧ್ಯಾಯಗಳ ದಿನಾಂಕಗಳು, ಬಂದ ಸೂಚನೆಗಳು, ಬರಬೇಕಾದ ಸೂಚನೆಗಳು ಇವನ್ನು ಆ ವರದಿಯಲ್ಲಿ ನಿರ್ಲಿಪ್ತವಾಗಿ ನಮೂದಿಸಿದರೆ ದೂರು ಕೊಡದೆಯೇ ಸ್ಥಿತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ ಆದುದರಿಂದ ಅಲ್ಲಿ ಬಾಯಿಬಿಡುವುದು ಕಷ್ಟವಾದರೆ ವಿಭಾಗದ ಮುಖ್ಯಸ್ಥರನ್ನು ಕಾಣಬಹುದು. ವಿಭಾಗದಲ್ಲಿ ವಿಶ್ವಾಸಕ್ಕೆ ಪಾತ್ರರಾದ ಹಿರಿಯರೊಬ್ಬರು ನಡುವೆ ನಿಂತು ಆಡಿದ ಎರಡು ಮಾತು ಎಷ್ಟೋ ಸಲ ಅರ್ಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯದು ಏರ್ಪಾಡಿನ ಬದಲಾವಣೆ. ಸಹಮಾರ್ಗದರ್ಶಕರನ್ನು ಸೇರಿಸಿಕೊಳ್ಳುವುದು ಸೌಮ್ಯವಾದ ಉಪಾಯ. ಯಾರ ಗೌರವಕ್ಕೂ ಅದರಿಂದ ಧಕ್ಕೆಯಿಲ್ಲ. ಅದೂ ಸಾಲದಾದಾಗ ಮಾರ್ಗದರ್ಶಕರ ಬದಲಾವಣೆಯನ್ನು ಕೇಳಬೇಕಾಗುತ್ತದೆ. ಇದರ ವಿಧಿ ಆಯಾ ವಿಶ್ವವಿದ್ಯಾನಿಲಯದ ನಿಯಮದಲ್ಲಿರುವುದರಿಂದ ಅರ್ಜಿಗೆ ಮುನ್ನ ಅದನ್ನು ಓದಿಕೊಳ್ಳತಕ್ಕದ್ದು. ಸ್ಥಳದ ಕೊರತೆಯನ್ನೂ ನೆನಪಿಡಬೇಕು: ಪ್ರಾಧ್ಯಾಪಕರು ಏಕಕಾಲದಲ್ಲಿ ಎಂಟು, ಸಹಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಿಂತ ಹೆಚ್ಚು ಸಂಶೋಧಕರನ್ನು ಹೊಂದುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದಕಾರಣ ಇನ್ನೊಬ್ಬರ ಒಪ್ಪಿಗೆಯನ್ನು ಪಡೆದ ಮೇಲೆಯೇ ಅರ್ಜಿ ಸಲ್ಲಿಸುವುದು ವಿವೇಕ. ಅರ್ಜಿಯಲ್ಲಿ ವ್ಯಕ್ತಿಯ ದೋಷಗಳ ಪಟ್ಟಿ ಬೇಡ. ಸಂಶೋಧನೆಯ ಹಿತಕ್ಕೆ ಬದಲಾವಣೆ ಏಕೆ ಅಗತ್ಯವೆಂಬುದು ಸಾಕು. ಬದಲಾವಣೆಯ ಮುನ್ನ ಸಾಮಗ್ರಿ, ಪ್ರಕಟಿತ ಹಾಗೂ ಪ್ರಕಟವಾಗಬೇಕಾದ ಲೇಖನಗಳು ಇವುಗಳ ಮೇಲೆ ಯಾರಿಗೆ ಏನು ಹಕ್ಕೆಂಬುದನ್ನು ಬರೆದು ಇಬ್ಬರೂ ಸಹಿ ಹಾಕುವುದು ಅವಶ್ಯ. ವೈಶಂಪಾಯನರ ಪ್ರಶ್ನೆ ಇಂದೂ ಏಳುವುದು ಇಲ್ಲಿಯೇ.

ನಾಲ್ಕನೆಯದು ದೂರು. ಅನ್ಯಾಯದ ಪ್ರಕರಣಗಳಲ್ಲಿ ಹಿಂದಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬರಬೇಕೆಂಬ ನಿರ್ಬಂಧವಿಲ್ಲ. ಆಯೋಗದ ೨೦೨೩ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿಯೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣ ಸಮಿತಿ ಇರತಕ್ಕದ್ದು. ಅದು ಸಾಧ್ಯವಾದಮಟ್ಟಿಗೆ ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಹದಿನೈದು ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಲೈಂಗಿಕ ಕಿರುಕುಳದ ದೂರು ಆಂತರಿಕ ದೂರು ಸಮಿತಿಗೆ ಸಲ್ಲತಕ್ಕದ್ದು. ಸಾಮಾನ್ಯವಾಗಿ ಘಟನೆಯಿಂದ ಮೂರು ತಿಂಗಳೊಳಗೆ. ವಿಚಾರಣೆಯ ಕಾಲದಲ್ಲಿ ಆರೋಪಿಯು ದೂರುದಾರಳ ಕೆಲಸವನ್ನು ಮೌಲ್ಯಮಾಪನ ಮಾಡದಂತೆ ತಡೆಯುವ ಅವಕಾಶ ಆಯೋಗದ ೨೦೧೫ರ ನಿಯಮಾವಳಿಯಲ್ಲಿದೆ. ಈ ಅವಕಾಶ ಅನೇಕರಿಗೆ ತಿಳಿದಿಲ್ಲ; ಪದವಿ ಹೋದೀತೆಂಬ ಭಯದಿಂದ ಮೌನವಾಗಿರುವವರಿಗೆ ತಿಳಿಯಲೇಬೇಕು.

ಈ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದನ್ನು ಹತ್ತಿದರೂ ಒಂದು ಎಚ್ಚರಿಕೆ ಸಮಾನ: ತಡಮಾಡಬಾರದು. ಶಾಟ್ಸರ ವಾದ ನ್ಯಾಯವಾಗಿದ್ದರೂ ಅವರ ನಡುವೆ ಮೊದಲು ಬಂದ ಮೂರನೆಯವರು ನ್ಯಾಯಾಧೀಶರಾದರು. ಅಷ್ಟು ಹೊತ್ತಿಗೆ ಉಳಿಸಿಕೊಳ್ಳತಕ್ಕ ಸಂಬಂಧ ಉಳಿದಿರಲಿಲ್ಲ. ಇನ್ನೂ ಒಂದು ಮಾತು. ಇಂತಹ ಕಾಲದಲ್ಲಿ ಸಂಶೋಧಕನು ಬರೆವಣಿಗೆಯನ್ನು ನಿಲ್ಲಿಸಿ ಕಲಹದಲ್ಲಿಯೇ ಮುಳುಗುವುದು ಸಾಮಾನ್ಯ. ಕಲಹ ಯಾವ ದಿಕ್ಕಿಗೆ ತಿರುಗಿದರೂ ಕೊನೆಗೆ ಅವನ ಕೈಯಲ್ಲಿ ಉಳಿಯುವುದು ಬರೆದ ಪುಟಗಳೇ. ದಿನಕ್ಕೊಂದು ಪುಟವಾದರೂ ಸಾಗುತ್ತಿರಲಿ. ಮನೆಯವರಲ್ಲಿಯೂ ಸ್ನೇಹಿತರಲ್ಲಿಯೂ ವಿಷಯವನ್ನು ಹೇಳಿಕೊಳ್ಳಲಿ. ನಿದ್ರೆ ಆಹಾರಗಳು ಕೆಟ್ಟರೆ ವೈದ್ಯರನ್ನು ಕಾಣಲು ಸಂಕೋಚಪಡದಿರಲಿ.

೬. ಮಾರ್ಗದರ್ಶಕರಲ್ಲಿ ವಿಜ್ಞಾಪನೆ

ಇದುವರೆಗೆ ಹೇಳಿದುದರಲ್ಲಿ ಹೆಚ್ಚಿನ ಭಾರ ಸಂಶೋಧಕನ ಮೇಲೆ ಬಿದ್ದಿದೆ. ಅದು ಪೂರ್ತಿ ನ್ಯಾಯವಲ್ಲ. ಅಧಿಕಾರ ಯಾರಲ್ಲಿ ಹೆಚ್ಚಾಗಿದೆಯೋ ಹೊಣೆಯೂ ಅವರಲ್ಲಿಯೇ ಹೆಚ್ಚು. ನೋಂದಣಿಯ ಮೊದಲನೆಯ ತಿಂಗಳಿನಲ್ಲಿಯೇ ನಾಲ್ಕು ವಿಷಯಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕೆಂದು ಸಹೋದ್ಯೋಗಿಗಳಲ್ಲಿ ವಿಜ್ಞಾಪಿಸುತ್ತೇವೆ: ತಿಂಗಳಿಗೆ ಎಷ್ಟು ಸಲ ಭೇಟಿ, ಕರಡನ್ನು ಎಷ್ಟು ದಿನಗಳಲ್ಲಿ ಹಿಂದಿರುಗಿಸುವುದು, ಲೇಖನಗಳಲ್ಲಿ ಹೆಸರುಗಳ ಕ್ರಮವೇನು, ಭಿನ್ನಾಭಿಪ್ರಾಯ ಬಂದಾಗ ಯಾರನ್ನು ಕೇಳುವುದು. ಇದಕ್ಕೆ ಅರ್ಧ ಗಂಟೆ ಸಾಕು. ನಮ್ಮ ಕೊಠಡಿಯಲ್ಲಿ ಈಗ ಒಂದು ಸಣ್ಣ ನೋಟುಪುಸ್ತಕವಿದೆ. ಅಧ್ಯಾಯ ಬಂದ ದಿನ, ಹಿಂದಿರುಗಿಸಿದ ದಿನ ಎಂಬ ಎರಡು ಕಲಮುಗಳಲ್ಲಿ ಇಬ್ಬರೂ ಸಹಿ ಹಾಕುತ್ತೇವೆ. ಅದನ್ನು ಮೊದಲು ತಂದಿಟ್ಟವರು ಆ ಸಂಶೋಧಕಿಯೇ. ಎರಡನೆಯ ಕಲಮು ಖಾಲಿಯಿದ್ದಾಗ ನಮಗೆ ನಾಚಿಕೆಯಾಗುತ್ತದೆ. ಆ ನಾಚಿಕೆಯಿಂದ ಕೆಲಸ ನಡೆಯುತ್ತದೆ.

ಇಷ್ಟೆಲ್ಲ ಬರೆದಿಟ್ಟರೆ ಗುರುಶಿಷ್ಯರ ಸಂಬಂಧದ ಮಾಧುರ್ಯ ಹೋಗಿ ಅದು ಬರಿಯ ವ್ಯಾಪಾರವಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ದ್ವೇಷ ಬಾರದಿರಲೆಂದು ಪಾಠಕ್ಕೆ ಮುನ್ನವೇ ಬಾಯಿಬಿಟ್ಟು ಪ್ರಾರ್ಥಿಸಿದ ಹಿರಿಯರು ಪ್ರೀತಿಯಲ್ಲಿ ನಮಗಿಂತ ಕಡಮೆಯವರಾಗಿರಲಿಲ್ಲ. ಅವರು ಮಂತ್ರದಲ್ಲಿ ಮಾಡಿಕೊಂಡ ಎಚ್ಚರಿಕೆಯನ್ನು ನಾವು ಹಾಳೆಯ ಮೇಲೆ ಮಾಡಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ. ಅಷ್ಟಾಗಿಯೂ ಸಂಬಂಧ ಮುರಿದರೆ, ವಿದ್ಯೆ ಅಲ್ಲಿಗೆ ಮುಗಿಯಿತೆಂದು ಸಂಶೋಧಕನು ಭಾವಿಸಬೇಕಾದುದಿಲ್ಲ. ಯಾಜ್ಞವಲ್ಕ್ಯರಿಗೆ ಇನ್ನೊಬ್ಬ ಗುರು ದೊರೆತನು.